ನೀರುನಾಯಿಯ ಕೊರಳ ಚೀಟಿ



ಕಳೆದ ಬೇಸಗೆಯ ಒಂದು ಬೆಳಿಗ್ಗೆ, ನಾನಿನ್ನೂ ಕಾಫಿಯ ಲೋಟ ಕೆಳಗಿಟ್ಟಿರಲಿಲ್ಲ, ಆಗ ಒಂದು ದೂರವಾಣಿ ಕರೆ ಬಂತು. ಹರಿಹರದ ನಮ್ಮ ಶಾಲೆಯಲ್ಲಿ ಓದಿ, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಈಗ ನದಿಯ ಪ್ರಾಣಿಗಳ ಅಧ್ಯಯನದಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿ ಅವನು. ಕುಶಲಪ್ರಶ್ನೆಗಳು ಮುಗಿದ ಮೇಲೆ ಕೇಳಿದ: “ಸರ್, ನಮ್ಮ ಲ್ಯಾಬಿನ ಗಾಜಿನ ಬೀರುವಿನಲ್ಲಿ ಒಂದು ನೀರುನಾಯಿ ಇತ್ತಲ್ಲ, ಅದು ಎಲ್ಲಿ ಸಿಕ್ಕಿದ್ದು? ಯಾವ ವರ್ಷದ್ದು?”

ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಅಂದು ಉತ್ತರ ಬಾರದ ಹುಡುಗನಂತೆ ಸುಮ್ಮನೆ ನಿಂತುಬಿಟ್ಟೆ. ಉತ್ತರ ನನಗೆ ಗೊತ್ತಿರಬೇಕಿತ್ತು. ಅದನ್ನು ನಾಶಮಾಡಿದವನೂ ನಾನೇ. ಆ ಕಥೆಯನ್ನು ಇಂದು ಬರೆಯುತ್ತಿದ್ದೇನೆ.

ನಾನು ಬಿ.ಎಡ್. ಮುಗಿಸಿ ಆ ಶಾಲೆಗೆ ವಿಜ್ಞಾನದ ಶಿಕ್ಷಕನಾಗಿ ಸೇರಿದ್ದು 1984ರಲ್ಲಿ. ಮನೆ ದಾವಣಗೆರೆಯಲ್ಲಿ, ಕೆಲಸ ಹರಿಹರದಲ್ಲಿ. ದಿನವೂ ಬೆಳಿಗ್ಗೆ ರೈಲು. ಆಗ ಎರಡೂ ಊರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಪ್ರಯೋಗಶಾಲೆಯೆಂದರೆ ಒಂದು ಉದ್ದನೆಯ ಕೋಣೆ, ಎರಡು ಮೇಜು, ಮೂಲೆಯಲ್ಲಿ ಒಂದು ತೇಗದ ಬೀರು. ಬೀರುವಿನಲ್ಲಿ ತೊಗಲಿನೊಳಗೆ ಹುಲ್ಲು ಹತ್ತಿ ತುಂಬಿದ ನಾಲ್ಕು ಪ್ರಾಣಿಗಳಿದ್ದವು: ಒಂದು ಕಣಜಗೂಬೆ, ಒಂದು ಕೆಂಬೂತ, ಒಂದು ಮುಂಗುಸಿ, ಮತ್ತು ಈ ನೀರುನಾಯಿ. ನನಗಿಂತ ಮೊದಲಿದ್ದ ವಿಜ್ಞಾನದ ಹಿರಿಯ ಮೇಷ್ಟ್ರು ಅವುಗಳನ್ನು ಸಂಗ್ರಹಿಸಿದ್ದರಂತೆ. ಅವರನ್ನು ನಾನು ನೋಡಿದವನಲ್ಲ. ಆದರೆ ಪ್ರತಿಯೊಂದು ಪ್ರಾಣಿಯ ಕೊರಳಿಗೋ ಕಾಲಿಗೋ ಅವರು ದಾರದಲ್ಲಿ ಕಟ್ಟಿದ್ದ ಚೀಟಿಗಳನ್ನು ನೋಡಿದ್ದೆ. ಕಂದುಬಣ್ಣಕ್ಕೆ ತಿರುಗಿದ ಕಾಗದ, ಮೋಡಿಯಂತಹ ಸಣ್ಣ ಅಕ್ಷರ.

ಮಕ್ಕಳಿಗೆ ಆ ಬೀರುವಿನ ಮೇಲೆ ಬಹಳ ಪ್ರೀತಿ. ಹತ್ತನೆಯ ತರಗತಿಯ ಪಾಠದಲ್ಲಿ ‘ಹೊಂದಾಣಿಕೆ’ ಎಂಬ ಪದ ಬಂದಾಗ ನಾನು ಕಪ್ಪುಹಲಗೆಯ ಮೇಲೆ ಏನೂ ಬರೆಯುತ್ತಿರಲಿಲ್ಲ. ನೀರುನಾಯಿಯನ್ನು ಮೇಜಿನ ಮೇಲಿಟ್ಟು, “ಕಾಲಿನ ಬೆರಳುಗಳ ನಡುವೆ ಏನಿದೆ ನೋಡಿ” ಎನ್ನುತ್ತಿದ್ದೆ. ಅಷ್ಟು ಸಾಕಾಗುತ್ತಿತ್ತು. ಬೆರಳುಗಳ ನಡುವಿನ ಪೊರೆ, ಬುಡದಲ್ಲಿ ದಪ್ಪಗಿದ್ದು ತುದಿಗೆ ಸಪಾಟಾಗುವ ಬಾಲ, ಒತ್ತಾದ ರೋಮ, ಮೂತಿಯ ಗಟ್ಟಿ ಮೀಸೆ, ಇವನ್ನೆಲ್ಲ ಮಕ್ಕಳು ತಾವೇ ಕಂಡುಹಿಡಿಯುತ್ತಿದ್ದರು. ಜೀವಂತ ನೀರುನಾಯಿ ಹೊಳೆಯಲ್ಲಿ ಕಂಡರೂ ತಲೆಯಷ್ಟೇ ಕಾಣುತ್ತದೆ, ಅದೂ ಕ್ಷಣಮಾತ್ರ. ಚಿತ್ರದಲ್ಲಿ ಗಾತ್ರ ತಿಳಿಯದು. ಒಬ್ಬ ಹುಡುಗಿ, “ಸರ್, ಇದರ ಹೊಟ್ಟೆಯಲ್ಲಿ ಹೃದಯ ಇನ್ನೂ ಇದೆಯೇ?” ಎಂದು ಕೇಳಿದ್ದಳು. ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಟ್ಯಾಕ್ಸಿಡರ್ಮಿ ಎಂಬ ವಿದ್ಯೆಯ ಕುರಿತು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಆ ಪದ ಗ್ರೀಕಿನಿಂದ ಬಂದದ್ದು. ತೊಗಲನ್ನು ಅಣಿಗೊಳಿಸುವುದು ಎಂದು ಅರ್ಥ. ಒಳಗೆ ಪ್ರಾಣಿಯಿಲ್ಲ, ತೊಗಲು ಮಾತ್ರ. ಹೊಟ್ಟೆಯ ಕಡೆ ಸೀಳಿ ತೊಗಲನ್ನು ಅಂಗಿಯಂತೆ ಕಳಚುತ್ತಾರೆ. ಮಾಂಸ, ಮಿದುಳು ಎಲ್ಲವನ್ನೂ ತೆಗೆಯುತ್ತಾರೆ. ಒಳಬದಿಗೆ ಮದ್ದು ಸವರಿ, ಹತ್ತಿಯನ್ನೋ ಅಚ್ಚಿನಲ್ಲಿ ಮಾಡಿದ ದೇಹವನ್ನೋ ಒಳಗಿಟ್ಟು ಹೊಲಿಯುತ್ತಾರೆ. ಕಣ್ಣು ಗಾಜಿನದು. ಹಿಂದಿನ ಕಾಲದಲ್ಲಿ ಆ ಮದ್ದು ಬಹುಪಾಲು ಪಾಷಾಣ, ಎಂದರೆ ಆರ್ಸೆನಿಕ್ ಬೆರೆಸಿದ ಸಾಬೂನು. ಇಂದು ವಸ್ತುಸಂಗ್ರಹಾಲಯದವರು ಹಳೆಯ ತೊಗಲುಗಳನ್ನು ಕೈಗವಸು ತೊಟ್ಟೇ ಮುಟ್ಟುತ್ತಾರೆ. ನಾನೋ ನೂರಾರು ಮಕ್ಕಳಿಗೆ ನಮ್ಮ ನೀರುನಾಯಿಯ ಬೆನ್ನು ಸವರಲು ಬಿಟ್ಟಿದ್ದೆ! ಅದರಲ್ಲಿ ಯಾವ ಮದ್ದಿತ್ತೋ ದೇವರೇ ಬಲ್ಲ. ಇದನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳೆಲ್ಲ ಆರೋಗ್ಯವಾಗಿದ್ದೀರೆಂದು ಭಾವಿಸುತ್ತೇನೆ.

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ದೊಡ್ಡ ಹೆಸರು ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ್ದು. ಇಪ್ಪತ್ತನೆಯ ಶತಮಾನದ ಆರಂಭದಿಂದ 1999ರವರೆಗೆ ಅವರ ಕಾರ್ಖಾನೆ ನಡೆಯಿತು. ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಹೊಡೆದ ಸುಮಾರು 43,000 ಹುಲಿ ಚಿರತೆಗಳು ಅವರ ಕೈ ಹಾದುಹೋದವೆಂದು ಅವರ ದಾಖಲೆಗಳಿಂದ ತಿಳಿದುಬರುತ್ತದೆ. ಕಾಗದದ ರದ್ದಿಯಿಂದ ಹುಲಿಯ ದೇಹದ ಅಚ್ಚು ಮಾಡಿ, ಅದರ ಮೇಲೆ ತೊಗಲು ಹೊದಿಸುತ್ತಿದ್ದರು. ಆ ಸೋದರರಲ್ಲಿ ಕೊನೆಯವರಾದ ಜೂಬರ್ಟ್ ವ್ಯಾನ್ ಇಂಗೆನ್ ನೂರು ವರ್ಷ ಬಾಳಿ 2013ರಲ್ಲಿ ತೀರಿಕೊಂಡರು. ಅವರ ಕೈಚಳಕವನ್ನು ಮೆಚ್ಚದವರಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಅರಮನೆ ಬಂಗಲೆಗಳ ಗೋಡೆಯ ಮೇಲಿನ ಹುಲಿಗಳೆಲ್ಲ ಬಾಯಿ ತೆರೆದು ಗರ್ಜಿಸುತ್ತಿರುತ್ತವೆ. ಹುಲಿಯು ದಿನದ ಬಹುಭಾಗ ಬಾಯಿ ಮುಚ್ಚಿಕೊಂಡು ಮಲಗಿರುವ ಪ್ರಾಣಿ. ಆ ಗರ್ಜನೆ ಹುಲಿಯದಲ್ಲ, ಕೋವಿ ಹಿಡಿದವನದು. ಅಧ್ಯಯನಕ್ಕೆ ಅದರಿಂದ ಆದ ಉಪಯೋಗ ಕಡಿಮೆ.

ಅಧ್ಯಯನಕ್ಕೆ ಬೇಕಾದದ್ದು ಬೇರೆ. ಅದು ನೋಡಲು ಅಂದವಾಗಿರುವುದಿಲ್ಲ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನ ಸಂಗ್ರಹದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಹಕ್ಕಿಗಳು ಅಲ್ಲಿ ಕೊಂಬೆಯ ಮೇಲೆ ಕುಳಿತಿಲ್ಲ. ರೆಕ್ಕೆ ಮಡಚಿ, ಕಣ್ಣಿನ ಜಾಗದಲ್ಲಿ ಹತ್ತಿಯಿಟ್ಟುಕೊಂಡು, ಸೆಳೆಖಾನೆಗಳಲ್ಲಿ ಅಂಗಾತ ಮಲಗಿವೆ. ಪ್ರತಿಯೊಂದರ ಕಾಲಿಗೂ ಚೀಟಿ: ಎಲ್ಲಿ, ಎಂದು, ಯಾರು, ಗಂಡೋ ಹೆಣ್ಣೋ. 1911ರಲ್ಲಿ ಆ ಸೊಸೈಟಿ ಸಸ್ತನಿಗಳ ಸಮೀಕ್ಷೆಯನ್ನು ಆರಂಭಿಸಿತು. ಅದರ ಸಂಗ್ರಾಹಕರು ಧಾರವಾಡ, ಕೊಡಗು, ಮೈಸೂರು ಸೀಮೆಗಳಲ್ಲೆಲ್ಲ ಓಡಾಡಿದರು. ಹರಿಹರದ ಹೊಳೆ ದಾಟಿದರೆ ಆಗ ಧಾರವಾಡ ಜಿಲ್ಲೆಯೇ ತಾನೆ! ನೂರು ವರ್ಷದ ಹಿಂದೆ ನಮ್ಮ ಬಯಲಿನಲ್ಲಿ ಯಾವ ಇಲಿ, ಯಾವ ಬಾವಲಿ ಇತ್ತೆಂದು ತಿಳಿಯಲು ಇಂದಿಗೂ ಆ ಚೀಟಿಗಳನ್ನೇ ಓದಬೇಕು.

ಸಂಗ್ರಹಿಸಿದವರು ಊಹಿಸದೇ ಇದ್ದ ಉಪಯೋಗಗಳೂ ಇವೆ. 1966ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹಳೆಯ ಹಕ್ಕಿಗಳ ಗರಿಗಳಲ್ಲಿ ಪಾದರಸವನ್ನು ಅಳೆದು, ಅದು ಯಾವ ಕಾಲದಿಂದ ಹೆಚ್ಚಾಯಿತೆಂದು ತೋರಿಸಿದರು. 2017ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 135 ವರ್ಷಗಳ ಅವಧಿಯ ಸಾವಿರದ ಮುನ್ನೂರಕ್ಕೂ ಹೆಚ್ಚು ಹಕ್ಕಿಗಳ ಎದೆಯ ಮಸಿಯನ್ನು ಅಳೆದರು. ಕಲ್ಲಿದ್ದಲಿನ ಹೊಗೆ ಎಂದು ಏರಿತು, ಎಂದು ಇಳಿಯಿತು ಎಂಬುದು ಆ ಬಿಳಿಗರಿಗಳ ಕೊಳೆಯಲ್ಲಿ ಬರೆದಿತ್ತು. ಅದನ್ನು ಓದಿದಾಗ ನನಗೆ ದಾವಣಗೆರೆಯ ನೆನಪಾಯಿತು. ಹತ್ತಿಗಿರಣಿಗಳ ಚಿಮಣಿಗಳ ಕಾಲದಿಂದ ಮಂಡಕ್ಕಿ ಭಟ್ಟಿಗಳ ಹೊಗೆಯ ಕಾಲದವರೆಗೆ, ಹತ್ತು ವರ್ಷಕ್ಕೊಂದು ಗುಬ್ಬಚ್ಚಿಯ ತೊಗಲನ್ನು ಯಾರಾದರೂ ಚೀಟಿ ಕಟ್ಟಿ ಇಟ್ಟಿದ್ದರೆ, ನಮ್ಮ ಗಾಳಿಯ ಚರಿತ್ರೆ ನಮ್ಮ ಕೈಯಲ್ಲಿರುತ್ತಿತ್ತು. ಮಂಡಕ್ಕಿ ಮಿರ್ಚಿ ತಿನ್ನುವಾಗ ನಾನೂ ಅದನ್ನು ಯೋಚಿಸಿದವನಲ್ಲ ಬಿಡಿ.

ಚೀಟಿ ಸುಳ್ಳಾದರೆ ಏನಾಗುತ್ತದೆಂಬುದಕ್ಕೂ ಒಂದು ಕಥೆಯಿದೆ. ನಮ್ಮ ಹಾಲಕ್ಕಿಯ ಹತ್ತಿರದ ಸಂಬಂಧಿ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆ. ಹತ್ತೊಂಬತ್ತನೆಯ ಶತಮಾನದ ಕೆಲವೇ ಮಾದರಿಗಳಿಂದ ಅದು ಲೋಕಕ್ಕೆ ತಿಳಿದಿತ್ತು. 1884ರ ನಂತರ ಕಂಡದ್ದಕ್ಕೆ ಇದ್ದ ಸಾಕ್ಷಿ ಒಂದೇ, 1914ರಲ್ಲಿ ಗುಜರಾತಿನಲ್ಲಿ ಹಿಡಿದದ್ದೆಂದು ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಸೇನಾಧಿಕಾರಿ ಚೀಟಿ ಬರೆದಿದ್ದ ಒಂದು ತೊಗಲು. ಪಮೇಲಾ ರಾಸ್ಮುಸೆನ್ ಎಂಬ ಪಕ್ಷಿವಿಜ್ಞಾನಿ ಅದನ್ನು ಎಕ್ಸ್-ರೇಗೆ ಒಡ್ಡಿ ನೋಡಿದರು. ಒಳಗಿನ ಕೈಕೆಲಸ ಜೇಮ್ಸ್ ಡೇವಿಡ್‌ಸನ್ ಎಂಬ ಬೇರೊಬ್ಬ ಸಂಗ್ರಾಹಕರದು! ಈತ ಖಾನದೇಶದಲ್ಲಿದ್ದ ಅಧಿಕಾರಿ. ಮುಂದೆ ನಮ್ಮ ಉತ್ತರ ಕನ್ನಡದಲ್ಲೂ ಇದ್ದು ಅಲ್ಲಿನ ಹಕ್ಕಿಗಳ ಬಗೆಗೆ ಬರೆದವರು. ಅವರು ಖಾನದೇಶದಲ್ಲಿ ಸಂಗ್ರಹಿಸಿದ್ದ ಗೂಬೆಯನ್ನು ಲಂಡನ್ನಿನ ಸಂಗ್ರಹದಿಂದ ಕದ್ದು, ಬಿಚ್ಚಿ, ಮತ್ತೆ ಹತ್ತಿ ತುಂಬಿ, ಮೈನರ್ಟ್ಸ್‌ಹಾಗನ್ ಹೊಸ ಚೀಟಿ ಕಟ್ಟಿದ್ದ. ಗುಜರಾತಿನ ಆ ಸುಳ್ಳನ್ನು ಬದಿಗಿಟ್ಟು, ಹಳೆಯ ನಿಜವಾದ ಚೀಟಿಗಳು ತೋರಿಸಿದ ಕಡೆಗೆ ರಾಸ್ಮುಸೆನ್ ಮತ್ತು ಸಂಗಡಿಗರು ಹುಡುಕಿಕೊಂಡು ಬಂದರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಬೋಳುಮರದ ಮೇಲೆ ಆ ಗೂಬೆ ಜೀವಂತ ಕುಳಿತಿತ್ತು. 113 ವರ್ಷಗಳ ಬಳಿಕ!

ಮೈನರ್ಟ್ಸ್‌ಹಾಗನ್ ಚೀಟಿ ಬದಲಿಸಿದ್ದು ಮೋಸಕ್ಕೆ. ನಾನು ಬದಲಿಸಿದ್ದು ಅಂದಕ್ಕೆ.

1991ರಲ್ಲಿ ಶಾಲೆಗೆ ತಪಾಸಣೆಯ ದಿನ ಗೊತ್ತಾಯಿತು. ನಾನು ಉತ್ಸಾಹದಿಂದ ಪ್ರಯೋಗಶಾಲೆಯನ್ನು ತೊಳೆಸಿ, ಬೀರುವಿಗೆ ವಾರ್ನಿಷ್ ಬಳಿಸಿ, ಒಳಗಿನ ಪ್ರಾಣಿಗಳ ಧೂಳು ಕೊಡವಿದೆ. ಕೊರಳಲ್ಲಿ ನೇತಾಡುತ್ತಿದ್ದ ಕಂದು ಚೀಟಿಗಳು ಕಣ್ಣಿಗೆ ಹಿತವೆನಿಸಲಿಲ್ಲ. ಕತ್ತರಿಯಿಂದ ದಾರಗಳನ್ನು ಕತ್ತರಿಸಿದೆ. ಒಂಬತ್ತನೆಯ ತರಗತಿಯಲ್ಲಿ ಮುದ್ದಾದ ಅಕ್ಷರದ ಹುಡುಗಿಯೊಬ್ಬಳಿದ್ದಳು. ಅವಳಿಂದ ಬಿಳಿ ರಟ್ಟಿನ ಮೇಲೆ ‘ನೀರುನಾಯಿ’, ‘ಮುಂಗುಸಿ’ ಎಂದು ಬರೆಸಿ ಅಂಟಿಸಿದೆ. ಹಳೆಯ ಚೀಟಿಗಳು ಕಸದ ಬುಟ್ಟಿಗೆ ಹೋದವು. ತಪಾಸಣೆಗೆ ಬಂದವರು ಬೀರುವನ್ನು ನೋಡಿ ಬಹಳ ಹೊಗಳಿದರು. ಆ ಹೊಗಳಿಕೆಯನ್ನು ಎಷ್ಟೋ ವರ್ಷ ಮನೆಯಲ್ಲಿ ಹೇಳಿಕೊಂಡು ತಿರುಗಿದ್ದೇನೆ, ನನ್ನ ಮನೆಯವರು ಸಾಕ್ಷಿ.

ನೀರುನಾಯಿ ಎಂಬುದು ಯಾರು ನೋಡಿದರೂ ತಿಳಿಯುವ ಸಂಗತಿ. ಎಲ್ಲಿಯದು, ಯಾವಾಗಿನದು ಎಂಬುದು ಮಾತ್ರ ಎಷ್ಟು ನೋಡಿದರೂ ತಿಳಿಯದು. ತಿಳಿಯುವುದನ್ನು ಉಳಿಸಿ ತಿಳಿಯದ್ದನ್ನು ಎಸೆದಿದ್ದೆ.

ಫೋನಿನಲ್ಲಿ ಇದೆಲ್ಲವನ್ನೂ ಹೇಳಿದೆ. ಅವನು ಬೇಸರಪಡಲಿಲ್ಲ. “ಸರ್, ಡಾರ್ವಿನ್ನನೂ ಹೀಗೇ ಮಾಡಿದ್ದ” ಎಂದ. ನಿಜ. ಎಡಿನ್‌ಬರೋದಲ್ಲಿ ಜಾನ್ ಎಡ್ಮನ್‌ಸ್ಟನ್ ಎಂಬ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರಿಂದ ಹಣ ಕೊಟ್ಟು ಈ ವಿದ್ಯೆ ಕಲಿತಿದ್ದ ಡಾರ್ವಿನ್, ಗಲಪಗಸ್ ದ್ವೀಪಗಳ ಫಿಂಚ್ ಹಕ್ಕಿಗಳಲ್ಲಿ ಬಹುಪಾಲಿಗೆ ಯಾವ ದ್ವೀಪದ್ದೆಂದು ಬರೆದಿಡಲಿಲ್ಲ. 1837ರಲ್ಲಿ ಜಾನ್ ಗೌಲ್ಡ್ ಅವು ಒಂದೇ ಗುಂಪಿನ ಬೇರೆ ಬೇರೆ ಪ್ರಭೇದಗಳೆಂದು ಹೇಳಿದಾಗ, ಹಡಗಿನ ಕಪ್ತಾನ ಫಿಟ್ಜ್‌ರಾಯ್ ಮುಂತಾದವರು ಚೀಟಿ ಕಟ್ಟಿಟ್ಟಿದ್ದ ಹಕ್ಕಿಗಳನ್ನು ಕೇಳಿ ಪಡೆಯಬೇಕಾಯಿತು. ಶಿಷ್ಯನು ಗುರುವಿಗೆ ಸಮಾಧಾನ ಹೇಳುವ ರೀತಿ ಚೆನ್ನಾಗಿತ್ತು. ಆದರೆ ಡಾರ್ವಿನ್ನನಿಗೆ ಕೇಳಲು ಕಪ್ತಾನನಿದ್ದ.

“ಬಾಲ ಸಪಾಟಾಗಿತ್ತು, ಚೆನ್ನಾಗಿ ನೆನಪಿದೆ” ಎಂದೆ. “ಒಣಗಿದ ತೊಗಲಿನಲ್ಲಿ ಬಾಲವನ್ನು ನಂಬುವಂತಿಲ್ಲ ಸರ್. ಉಗುರುಗಳು ಹೇಗಿದ್ದವು?” ಎಂದ. ಉಗುರು ಚೆನ್ನಾಗಿ ಎದ್ದು ಕಾಣುತ್ತಿದ್ದವು. ಒಬ್ಬ ಹುಡುಗ ಅದರಿಂದ ಬೆಂಚನ್ನು ಕೆರೆದು ಪೆಟ್ಟು ತಿಂದದ್ದು ಜ್ಞಾಪಕವಿತ್ತು. ಹಾಗಾದರೆ ಮಲೆನಾಡಿನ ತೊರೆಗಳ ಚಿಕ್ಕ ಉಗುರಿನ ನೀರುನಾಯಿಯಲ್ಲ, ತುಂಗಭದ್ರೆಯ ನುಣುಪು ರೋಮದ್ದೇ ಇರಬೇಕು ಎಂದ. ಅದೇ ಹೊಳೆಯ ಕೆಳಭಾಗದಲ್ಲಿ, ಅಣೆಕಟ್ಟಿನಿಂದ ಕಂಪ್ಲಿಯವರೆಗಿನ 34 ಕಿ.ಮೀ.ಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನಮ್ಮ ಹರಿಹರದಲ್ಲಿ ಅವು ಯಾವ ಕಾಲದವರೆಗೆ ಇದ್ದವು? 1980ರ ದಶಕದಲ್ಲಿ ಹೊಳೆಯ ನೀರು ಕೆಟ್ಟು ಮೀನು ಸತ್ತು, ಜನ ಹೋರಾಟಕ್ಕಿಳಿದದ್ದು ಹಿರಿಯರಿಗೆ ನೆನಪಿರಬಹುದು. ಅದಕ್ಕೆ ಮೊದಲು ಇದ್ದವೇ? ಎಷ್ಟು ಮೊದಲು? ಇದು ಅವನ ಪ್ರಶ್ನೆ.

ಈಗ ಆ ನೀರುನಾಯಿಯೂ ಇಲ್ಲ. ಸುಮಾರು 2005ರ ಹೊತ್ತಿಗೆ ತೊಗಲುಹುಳು ಹತ್ತಿ ರೋಮವೆಲ್ಲ ಉದುರಿ, ಶಾಲೆಯ ಹಿಂದಿನ ಬೇವಿನ ಬುಡದಲ್ಲಿ ಹೂಳಿಸಿದೆವು. ಎಷ್ಟು ಜೋಪಾನ ಮಾಡಿದರೂ ಇಂಥವು ಹೋಗುತ್ತವೆ. ದೆಹಲಿಯ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ಸಂಗ್ರಹಾಲಯವೇ 2016ರ ಏಪ್ರಿಲಿನಲ್ಲಿ ಸುಟ್ಟುಹೋಯಿತಲ್ಲ. ಹೊಸದನ್ನು ನಾವು ಮಾಡಲಾಗದು, ಮಾಡಲೂಬಾರದು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ರಕ್ಷಿತ ಪ್ರಾಣಿಯು ಸತ್ತರೂ ಸರ್ಕಾರದ ಸೊತ್ತು. ಮುಂಬಯಿಯ ಬೋರಿವಲಿ ಉದ್ಯಾನದಲ್ಲಿ 2009ರಿಂದ ಒಂದು ಟ್ಯಾಕ್ಸಿಡರ್ಮಿ ಕೇಂದ್ರವಿದೆ. ಪಶುವೈದ್ಯ ಸಂತೋಷ್ ಗಾಯಕ್ವಾಡ್ ಅವರು ಅಲ್ಲಿ ತಾವಾಗಿಯೇ ಸತ್ತ ಪ್ರಾಣಿಗಳಿಗೆ ಮಾತ್ರ, ಅನುಮತಿ ಪಡೆದು, ಈ ಕೆಲಸ ಮಾಡಿದ್ದಾರೆ. ಸರಿಯಾದ ದಾರಿ ಅದು.

ಕಳೆದ ತಿಂಗಳು ಶಾಲೆಗೆ ಹೋಗಿ, ಮುಖ್ಯೋಪಾಧ್ಯಾಯರ ಅನುಮತಿಯಿಂದ ಹಳೆಯ ಡೆಡ್ ಸ್ಟಾಕ್ ರಿಜಿಸ್ಟರನ್ನು ತೆಗೆಸಿ ನೋಡಿದೆ. ‘ತುಂಬಿದ ಪ್ರಾಣಿಗಳು – 4, ದಾನವಾಗಿ ಬಂದದ್ದು’ ಎಂದಷ್ಟೇ ಇದೆ. ಬೆಲೆಯ ಕಲಮಿನಲ್ಲಿ ಒಂದು ಗೆರೆ ಎಳೆದಿದ್ದಾರೆ. ದಿನಾಂಕದ ಮೇಲೆ ಶಾಯಿ ಹರಡಿದೆ.

ಚೀಟಿಯಲ್ಲಿ ‘ಹಳೇ ಸೇತುವೆಯ ಕೆಳಗೆ, ಬಲೆಗೆ ಸಿಕ್ಕಿ’ ಎಂಬ ಮಾತುಗಳಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಕೆಳಗೆ ಒಂದು ಇಸವಿಯಿತ್ತು. ಅದು ಐವತ್ತರದೋ ಎಪ್ಪತ್ತರದೋ ಹೇಳಲಾರೆ. 1984ರಿಂದ 1991ರವರೆಗೆ ನನ್ನಲ್ಲಿ ಓದಿದವರು ರೆಕಾರ್ಡ್ ಪುಸ್ತಕದಲ್ಲಿ ಆ ನೀರುನಾಯಿಯ ಚಿತ್ರ ಬರೆದಿದ್ದೀರಿ. ಕೆಲವರು ಚೀಟಿಯನ್ನೂ ಇದ್ದ ಹಾಗೆಯೇ ನಕಲು ಮಾಡುತ್ತಿದ್ದಿರಿ, ಬೇಡವೆಂದು ಗದರಿದ್ದೆ. ಆ ಪುಸ್ತಕ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ದಯವಿಟ್ಟು ಇಳಿಸಿ ನೋಡಿ, ಆ ಇಸವಿಯನ್ನು ನನಗೆ ತಿಳಿಸಿ.