ಹೆಸರಿಡೋ ಮೊದಲೇ ಕೂಸಿಗೆ ಟಿಕೆಟ್

ಅಕ್ಕನ ಹೆರಿಗೆ ಊರಲ್ಲೇ ಆಗಬೇಕಿತ್ತು. ಎಂಟನೇ ತಿಂಗಳಲ್ಲಿ ಬಿಪಿ ಏರಿತು, ಡಾಕ್ಟರು ಪ್ರಯಾಣ ಬೇಡವೇ ಬೇಡ ಅಂದರು. ಬೆಂಗಳೂರಲ್ಲೇ ಹೆರಿಗೆಯಾಯಿತು, ಅದೂ ಸಿಸೇರಿಯನ್.

ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಅಂತೀವಿ. ಮಾಮಾ ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಶಿಫ್ಟ್ ಕೆಲಸ ಮಾಡ್ತಾನೆ. ಮೂರನೇ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಬಾಣಂತಿಗೆ ನೀರೆರೆಯೋಕೂ ಜಾಗವಿಲ್ಲ. ಅವ್ವ ಒಂದೂವರೆ ತಿಂಗಳು ಹೆಂಗೋ ದೂಡಿದಳು. ಕೂಸಿಗೆ ಆರು ವಾರದ ಲಸಿಕೆ ಹಾಕಿಸಿ, ಹುಬ್ಬಳ್ಳಿ ಹತ್ತಿರದ ನಮ್ಮೂರಿಗೆ ಒಯ್ಯೋದು ಅಂತಾಯಿತು.

ಬಸ್ಸಿಗೆ ಎಂಟು ತಾಸು. ಹೊಲಿಗೆ ಇನ್ನೂ ನೋಯುತ್ತಿತ್ತು. ರೈಲಲ್ಲಿ ವೇಟಿಂಗ್ ಲಿಸ್ಟ್. ಮಾಮಾ ಓವರ್‌ಟೈಮ್ ದುಡ್ಡು ತೆಗೆದು ವಿಮಾನದ ಟಿಕೆಟ್ ಮಾಡಿಸಿದ, ಅಕ್ಕನಿಗೆ ಮತ್ತು ನನಗೆ. ಮೂರನೆಯದಕ್ಕೆ ದುಡ್ಡು ಸಾಲಲಿಲ್ಲ. ಅವ್ವ ಗಂಟುಮೂಟೆ ಹೊತ್ತು ಹಿಂದಿನ ರಾತ್ರಿಯೇ ಬಸ್ಸು ಹತ್ತಿದಳು.

ಊರಿಂದ ಆಯಿ ಫೋನ್ ಮಾಡಿ ಬೈದಳು: "ಎಳೀ ಕೂಸಿನ್ನ ಮುಗಲಾಗ ಒಯ್ತೀರೇನ? ಕಿವಿ ಹೋದ್ರ ಯಾರು ಹೊಣೆ?"

ನನಗೂ ಅದೇ ಹೆದರಿಕೆ. ಮಕ್ಕಳ ಡಾಕ್ಟರನ್ನು ಕೇಳಿದೆ. ಮೇಲೆ ಹೋದಂತೆ ವಿಮಾನದೊಳಗಿನ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ, ಆದರೆ ಹೊರಗಿನಷ್ಟಲ್ಲ. ದೊಡ್ಡ ವಿಮಾನ ಎಷ್ಟೇ ಎತ್ತರ ಹಾರಿದರೂ ಒಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಹಾಗಿರುತ್ತದಂತೆ. ನಮ್ಮ ಮುಳ್ಳಯ್ಯನಗಿರಿ ತುದಿ 6,300 ಅಡಿ ಮೇಲಿದೆ, ಅದೇ ಲೆಕ್ಕ. ತಿಂಗಳು ತುಂಬಿ ಹುಟ್ಟಿದ, ಗಟ್ಟಿಮುಟ್ಟಾದ ಕೂಸು ತಡೆದುಕೊಳ್ಳುತ್ತದೆ. ತಿಂಗಳು ತುಂಬದೆ ಹುಟ್ಟಿದ್ದರೆ, ಎದೆಯ ತೊಂದರೆ, ನೆಗಡಿ ಇದ್ದರೆ ಡಾಕ್ಟರನ್ನು ಕೇಳದೆ ಹೊರಡಬಾರದು. ಕಿವಿಗೆ ಕಷ್ಟ ಹೆಚ್ಚಾಗಿ ಇಳಿಯುವಾಗ. ಆಗ ಹಾಲು ಕುಡಿಸಿ, ನುಂಗಿದಂತೆ ಕಿವಿ ಬಿಡುತ್ತದೆ ಅಂದರು.

ನಿಜವಾದ ಫಜೀತಿ ಆಗಿದ್ದು ನೆಲದ ಮೇಲೆ. ಎರಡು ವರ್ಷದೊಳಗಿನ ಕೂಸು ತೊಡೆ ಮೇಲೆ ಕೂತರೂ ಅದಕ್ಕೊಂದು ಟಿಕೆಟ್ ಬೇಕು, ದುಡ್ಡೂ ಕೊಡಬೇಕು. ಟಿಕೆಟ್ ಮಾಡುವಾಗ ಮೊಬೈಲು ಕೂಸಿನ ಹೆಸರು ಕೇಳಿತು. ಹೆಸರಿಟ್ಟರಲ್ಲವೇ ಹೇಳೋದು? ತೊಟ್ಟಿಲು ಊರಲ್ಲಿ ಅಂತ ಮಾತಾಗಿತ್ತು. ಮಾಮಾ ತನ್ನ ಮನಸ್ಸಿನಲ್ಲಿದ್ದ ಹೆಸರು ಹಾಕಿಬಿಟ್ಟ. ಅಕ್ಕನಿಗೂ ಹೇಳಿರಲಿಲ್ಲ!

ದೇವನಹಳ್ಳಿ ಏರ್‌ಪೋರ್ಟಿನ ಕೌಂಟರಿನಲ್ಲಿ ವಯಸ್ಸಿನ ದಾಖಲೆ ಕೇಳಿದರು. ಜನನ ಪ್ರಮಾಣಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ 'ಬೇಬಿ ಆಫ್' ಅಂತ ಅಕ್ಕನ ಹೆಸರಿತ್ತು, ಟಿಕೆಟ್ಟಿನಲ್ಲಿ ಬೇರೆ. "ಇದೇ ಮಗು ಅಂತ ಹೇಗೆ ನಂಬೋದು?" ಅಂದಳು ಆ ಹುಡುಗಿ. ಅಕ್ಕ ಕೂಸನ್ನು ಎತ್ತಿಕೊಂಡೇ ಮುಕ್ಕಾಲು ತಾಸು ನಿಂತಳು, ಹೊಟ್ಟೆ ಹಿಡಿದುಕೊಂಡು. ಕುರ್ಚಿ ಕೊಡಿ ಅಂತ ನಾನು ಎರಡು ಸಲ ಕೇಳಬೇಕಾಯಿತು. ಕೊನೆಗೆ ಅವಳ ಮೇಲಿನವರು ಬಂದು, ತಾಯಿ ಕಾರ್ಡಿನಲ್ಲಿ ಹುಟ್ಟಿದ ತಾರೀಕು ನೋಡಿ, ಹೆಸರು ತಿದ್ದಿಸಿದರು.

ಅದಕ್ಕೇ ಹೇಳ್ತೀನಿ, ಆಸ್ಪತ್ರೆ ಕಾಗದದಲ್ಲಿ ಏನಿದೆಯೋ ಟಿಕೆಟ್ಟಿನಲ್ಲೂ ಅದನ್ನೇ ಹಾಕಿ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ. ಹೆಸರಿಲ್ಲದೆಯೂ ಆಗುತ್ತದೆ, ಆಮೇಲೆ ಸೇರಿಸಬಹುದು. ಎಷ್ಟು ದಿನದ ಕೂಸನ್ನು ಹತ್ತಿಸುತ್ತಾರೆ ಅನ್ನೋದು ಕಂಪನಿಗೊಂದು ತರ, ಮೊದಲೇ ಕೇಳಿಕೊಳ್ಳಿ.

ನಮ್ಮದು ಫ್ಯಾನಿನ ಸಣ್ಣ ವಿಮಾನ. ಒಳಗೆ ಅಕ್ಕನ ಬೆಲ್ಟಿಗೆ ಸಿಕ್ಕಿಸುವ ಚಿಕ್ಕ ಬೆಲ್ಟು ಕೊಟ್ಟರು, ಕೂಸಿನ ಸೊಂಟಕ್ಕೆ. ಏರುವಾಗ ಹಾಲು ಕುಡಿದು ಮಲಗಿತು. ಇಳಿಯುವಾಗ ಎಬ್ಬಿಸಿದರೆ ಮೊಲೆ ಹಿಡಿಯಲಿಲ್ಲ, ಕಿರುಚಿ ಕಿರುಚಿ ಕೆಂಪಾಯಿತು. ಎಲ್ಲರೂ ತಿರುಗಿ ನೋಡುವವರೇ. ಅಕ್ಕನ ಕಣ್ಣಲ್ಲೂ ನೀರು. ಆಚೆ ಸೀಟಿನ ಹಿರಿಯ ಹೆಂಗಸೊಬ್ಬರು ಬಗ್ಗಿ, "ಅಳ್ಳಿ ಬಿಡವಾ, ಅತ್ತರೂ ಕಿವಿ ಬಿಡ್ತಾವ" ಅಂದರು. ಅದೂ ಖರೇನೇ ಅಂತ ಆಮೇಲೆ ಡಾಕ್ಟರು ಹೇಳಿದರು.

ಒಂದು ತಾಸಿನ ಹಾರಾಟ. ಕೌಂಟರು, ತಪಾಸಣೆ, ಪೀಣ್ಯದಿಂದ ಹೆಬ್ಬಾಳ ದಾಟುವ ಟ್ರಾಫಿಕ್ಕು ಸೇರಿಸಿದರೆ ಆರು ತಾಸು. ಆದರೂ ಅಕ್ಕ ಬಸ್ಸಿನಲ್ಲಿ ಕುಲುಕಾಡಲಿಲ್ಲವಲ್ಲ.

ಎಂಟು ದಿನಕ್ಕೆ ತೊಟ್ಟಿಲು. ಸೋದರತ್ತೆ ಕಿವಿಯಲ್ಲಿ ಹೆಸರು ಕೂಗಿದಳು, ಅಕ್ಕ ಆರಿಸಿದ್ದು, ಮಾಮಾನದಲ್ಲ. ಕೂಸು ಬೆಚ್ಚಿಬಿದ್ದು ಅತ್ತಿತು. ಆಯಿ ಅಲ್ಲಿಂದಲೇ ಅಂದಳು: "ಕಿವಿ ನೆಟ್ಟಗ ಅದಾವ ತಗೋ."