ಡ್ರಾಯಿಂಗ್ ಹಾಳೆಯ ಮೇಲೆ ನಮ್ಮೂರ ಊಟ

‘ನಮ್ಮೂರ ಊಟ’ ಅಂತ ವಿಷಯ ಕೊಟ್ಟು ಭಿತ್ತಿಪತ್ರಿಕೆ ಮಾಡಿಸಿದರೆ ಧಾರವಾಡ ಜಿಲ್ಲೆಯ ಮಕ್ಕಳಿಗೆ ಮೊದಲು ಹೊಳೆಯುವುದು ಪೇಢೆ. ಕಲಘಟಗಿಯಲ್ಲಿ ಏಳನೇತ್ತೆ ಓದುವ ನನ್ನ ತಂಗಿಯ ಮಗಳೂ ಹಾಳೆಯ ನಟ್ಟನಡುವೆ ಕಂದು ಬಣ್ಣದ ಪೇಢೆ ಬರೆದು, ಅದರ ಮೇಲೆ ಸಕ್ಕರೆಗೆಂದು ಬಿಳಿ ಚುಕ್ಕೆ ಇಡುತ್ತ ಕೂತಿದ್ದಳು. ಪೇಢೆಯ ಬಗ್ಗೆ ಬರೆಯಲು ಬೇಕಾದಷ್ಟಿದೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಧಾರವಾಡದಲ್ಲಿ ಅದನ್ನು ಮಾಡಲು ಶುರುಮಾಡಿದರು. ಈಗ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಪೇಢೆಗೆ ಹಾಲು ಕೊಡುವ ನಮ್ಮ ಧಾರವಾಡಿ ಎಮ್ಮೆಯೂ 2021ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಣಿಯಾಯಿತು. ಆದರೆ ಪೇಢೆ ನಾವು ಬೀಗರ ಮನೆಗೆ ಒಯ್ಯುವ ಡಬ್ಬಿ, ದಿನಾ ತಾಟಿಗೆ ಬೀಳುವ ಊಟವಲ್ಲ.

“ನಿನ್ನೆ ರಾತ್ರಿ ಏನ್ ಉಂಡಿ?” ಅಂದೆ.

“ರೊಟ್ಟಿ, ಪುಂಡಿಪಲ್ಯ, ಅನ್ನ, ಸಾರು. ಅದನ್ನೇನ್ ಬರೀಲಿ ಮಾಮಾ? ಎಲ್ಲಾರಿಗೂ ಗೊತ್ತಿರೂದ.”

ಗೊತ್ತಿದೆಯೋ ಇಲ್ಲವೋ ನೋಡೋಣವೆಂದು ಅವಳನ್ನು ಅಡುಗೆಮನೆಗೆ ಕಳಿಸಿದೆ. ಅಲ್ಲಿ ನನ್ನ ಅವ್ವ ಒಲೆ ಮುಂದೆ ಕೂತಿದ್ದಳು.

“ಆಯಿ, ರೊಟ್ಟಿಗೆ ನೀರ ಎಷ್ಟ ಹಾಕಬೇಕು?”

“ಹಿಟ್ಟ ಬೇಡಿದಷ್ಟು.”

“ಹಂಗ ಬರಿಯಾಕ ಬರೂದಿಲ್ಲ. ಅಳತಿ ಹೇಳು.”

“ಅಳತಿ ಕೈಯಾಗ ಐತಿ. ಬಾ ಇಲ್ಲಿ, ಹಿಟ್ಟಿನ್ಯಾಗ ಕೈ ಇಡು.”

ಹುಡುಗಿ ಸ್ಕೆಚ್ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಳು. ಕುದಿಯುವ ನೀರನ್ನು ಹಿಟ್ಟಿನ ನಡುವಿನ ಕುಣಿಗೆ ಸುರಿದು, ಮೊದಲು ಕಟ್ಟಿಗೆಯ ಸೌಟಿನಿಂದ ಕಲೆಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಬಿಸಿನೀರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ, ಅದರ ಮೇಲೆಯೇ ರೊಟ್ಟಿ ನಿಲ್ಲುವುದು. ಬೀಸಿ ಬಹಳ ದಿನವಾದ ಹಿಟ್ಟಾದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಬೇಕು, ಆ ನೀರು ಪೂರ್ತಿ ಆರುವ ಮೊದಲೇ ತಿರುವಬೇಕು. ಅವಳ ಮೊದಲ ರೊಟ್ಟಿ ಎರಡು ತುಂಡಾಯಿತು. ಅವಳು ಅದನ್ನೂ ಬರೆದುಕೊಂಡಳು: ‘ನೀರು ಆರಿದ ಮೇಲೆ ತಿರುವಿದರೆ ಮುರಿಯುತ್ತದೆ.’ ಇಡೀ ಹಾಳೆಯಲ್ಲಿ ನನಗೆ ಬಹಳ ಹಿಡಿಸಿದ ಸಾಲು ಇದು. ಪಾಕಪುಸ್ತಕ ನೋಡಿ ಬರೆದಿದ್ದರೆ ಈ ಸಾಲು ಬರುತ್ತಿರಲಿಲ್ಲ.

ಆಮೇಲೆ ಅವಳಿಗೇ ಒಂದು ಪ್ರಶ್ನೆ ಬಂತು. ನಮ್ಮ ಹೊಲದಲ್ಲಿ ಇರುವುದು ಭತ್ತ ಮತ್ತು ಗೋವಿನಜೋಳ. ಹಾಗಿದ್ದರೆ ರೊಟ್ಟಿಯ ಜೋಳ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯಲ್ಲಿ ನಮ್ಮ ಜಿಲ್ಲೆಯ ಭೂಗೋಳವೇ ಇದೆ. ಕಲಘಟಗಿ ಮಲೆನಾಡಿನ ಸೆರಗು. ಮುಂದೆ ಯಲ್ಲಾಪುರದ ಕಾಡು, ಹರಿಯುವುದು ಬೇಡ್ತಿ ಹೊಳೆ. ಇಲ್ಲಿ ಮಳೆ ನಂಬಿ ಭತ್ತವನ್ನು ಕೂರಿಗೆಯಿಂದಲೇ ಬಿತ್ತುತ್ತಾರೆ. ಮೂಡಣಕ್ಕೆ ಹೋದ ಹಾಗೆ ಮಳೆ ಕಡಿಮೆ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಹಿಂಗಾರಿನ ಬಿಳಿಜೋಳ. ಕುಂದಗೋಳದ ಕಡೆ ಮೆಣಸಿನಕಾಯಿ, ಅದೂ ಬ್ಯಾಡಗಿ ತಳಿಯದು. ಹೀಗೆ ನಮ್ಮ ತಾಟಿನಲ್ಲಿ ರೊಟ್ಟಿಯ ಪಕ್ಕ ಅನ್ನ, ಅನ್ನದ ಪಕ್ಕ ಕೆಂಪುಖಾರ ಕೂತಾಗ ನಾಲ್ಕು ತಾಲೂಕು ಒಂದೆಡೆ ಸೇರಿರುತ್ತವೆ. ಹುಡುಗಿ ಪೇಢೆಯನ್ನು ಮೂಲೆಯಲ್ಲಿ ಸಣ್ಣದಾಗಿ ಉಳಿಸಿ, ಹೊಸ ಹಾಳೆಯ ನಡುವೆ ದೊಡ್ಡ ತಾಟು ಬರೆದಳು, ಪ್ರತಿ ಪದಾರ್ಥದಿಂದ ಬಾಣ ಎಳೆದು ಅದು ಬೆಳೆದ ಊರಿನ ಹೆಸರು ಹಾಕಿದಳು.

ಸುತ್ತಲಿನ ಅಂಚಿಗೆ ಅವಳು ತೊಟ್ಟಿಲಿನ ಚಿತ್ತಾರ ಬರೆದದ್ದು ಅವಳದೇ ವಿಚಾರ. ಸಾಗವಾನಿಯಲ್ಲಿ ಮಾಡಿ, ಅರಗಿನ ಬಣ್ಣ ಹಚ್ಚಿ, ರಾಮಾಯಣದ, ಕೃಷ್ಣನ ಕಥೆಯ ಚಿತ್ರ ಬರೆಯುವ ಕಲಘಟಗಿ ತೊಟ್ಟಿಲಿಗೆ ದೂರದೂರಿನವರೂ ಹುಡುಕಿಕೊಂಡು ಬರುತ್ತಾರೆ. ಅಂಥ ಕೈಕೆಲಸದ ಊರಿನ ಮಕ್ಕಳು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಚಿತ್ರವನ್ನು ಕತ್ತರಿಸಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿದ್ದಾಗ ಅಂಥ ಹಾಳೆಗಳನ್ನು ಕಂಡಿದ್ದೇನೆ: ಸಾವಿ, ನವಣಿ, ಬರಗು ಎಲ್ಲದರ ಚಿತ್ರ ಇತ್ತು, ಆದರೆ ಸಾವಿ ಅಕ್ಕಿಯ ಅನ್ನ ಉಂಡು ಬೆಳೆದ ಮುದುಕಿಯನ್ನು ಮಾತಾಡಿಸಿದ ಗುರುತು ಒಂದರಲ್ಲೂ ಇರಲಿಲ್ಲ. ಕೈಯಿಂದ ಬರೆಯುವಾಗ ಪೆನ್ನು ನಿಂತಲ್ಲೆಲ್ಲ ಮಗು ಯಾರನ್ನಾದರೂ ಕೇಳಲೇಬೇಕಾಗುತ್ತದೆ. ಈ ಕೆಲಸದ ಬೆಲೆ ಇರುವುದೇ ಆ ಕೇಳುವುದರಲ್ಲಿ.

ಇನ್ನೊಂದು ಮಾತು ಹೇಳಲೇಬೇಕು. ಒಂದು ಊರಿಗೆ ಒಂದೇ ಊಟ ಇರುವುದಿಲ್ಲ. ಪಂಚಮಿಗೆ ಶೇಂಗಾ ಉಂಡಿ, ತಂಬಿಟ್ಟು ಕಟ್ಟುವ ಮನೆಗಳಿವೆ. ಸೀಗಿ ಹುಣ್ಣಿವೆಗೆ ಹೊಲಕ್ಕೆ ಕಡುಬಿನ ಬುಟ್ಟಿ ಹೊರುವ ಮನೆಗಳಿವೆ. ಕಾಡಂಚಿನ ದಡ್ಡಿಗಳಲ್ಲಿ ಎಮ್ಮೆ ಕಾಯುವ ಗೌಳಿ ಮಗುವಿನ ಮನೆಯಲ್ಲಿ ಬೆಣ್ಣೆಯ ಕಥೆಯೇ ಬೇರೆ. ಕೋಳಿ, ಕುರಿ, ಒಣಮೀನು ಬೇಯುವ ಮನೆಗಳೂ ಬೇಕಾದಷ್ಟಿವೆ. ಆ ಮನೆಯ ಹುಡುಗ ‘ಇದನ್ನ ಬರೀಬಹುದಾ ಸರ್?’ ಅಂತ ಅಳುಕಿ ಕೇಳುವಂತಾದರೆ, ಹಾಳೆ ಎಷ್ಟು ಚೆಂದವಿದ್ದರೂ ಅದು ನಮ್ಮೂರ ಊಟದ ಹಾಳೆಯಲ್ಲ.

ಶಿಕ್ಷಕರಲ್ಲಿ ನನ್ನ ಬಿನ್ನಹ ಇಷ್ಟು. ಪ್ರದರ್ಶನ ಮುಗಿದ ಮರುದಿನ ಈ ಹಾಳೆಗಳನ್ನು ಸುತ್ತಿ ಕಪಾಟಿಗೆ ಹಾಕಬೇಡಿ. ಬಿಸಿಯೂಟದ ಪಾಳಿ ನಿಲ್ಲುವ ಗೋಡೆಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಹಚ್ಚಿ. ಅಡುಗೆ ಮಾಡುವ ಅಕ್ಕಂದಿರನ್ನು ಕರೆದು ಓದಿ ಹೇಳಿಸಿ. ತಪ್ಪು ಕಂಡರೆ ತಿದ್ದಲು, ಬಿಟ್ಟುಹೋದದ್ದನ್ನು ಸೇರಿಸಲು ಪಕ್ಕದಲ್ಲೊಂದು ಖಾಲಿ ಹಾಳೆಯನ್ನೂ ಅಂಟಿಸಿಡಿ.