ಸುಮ್ಮನೆ ನಿಂತರೆ ಅರಳುವ ಹೂಗಳು

ಸಿಂಗಪುರದ ಮರೀನಾ ಬೇ ದಂಡೆಯಲ್ಲಿ ಹತ್ತು ಎಸಳಿನ ದೊಡ್ಡ ಬಿಳಿ ಕಮಲವೊಂದು ಅರಳಿದಂತೆ ಕಾಣುತ್ತದೆ. ಅದೇ ಆರ್ಟ್‌ಸೈನ್ಸ್ ಮ್ಯೂಸಿಯಂ. ಮೋಶೆ ಸಫ್ದಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡದ ಬಾಗಿಲು ತೆರೆದದ್ದು 2011ರ ಫೆಬ್ರುವರಿಯಲ್ಲಿ. ಮಳೆ ಬಂದರೆ ಬೋಗುಣಿಯಂಥ ಚಾವಣಿಯಲ್ಲಿ ನೀರು ಸೇರಿ, ನಡುವಿನ ತೆರಪಿನಿಂದ 35 ಮೀಟರ್ ಕೆಳಗಿನ ಪುಟ್ಟ ಕೊಳಕ್ಕೆ ಬೀಳುತ್ತದೆ. ಆ ನೀರನ್ನು ಅಲ್ಲಿನ ಶೌಚಾಲಯಗಳಿಗೆ ಬಳಸುತ್ತಾರೆ. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಮಳೆ ನೋಡಿದ ಅಜ್ಜ-ಅಜ್ಜಿಯರಿಗೆ ಈ ಉಪಾಯ ತೀರಾ ಹೊಸದೆನಿಸದು.

ಮಗಳ ಮನೆಗೆ ಹೋಗಿದ್ದಾಗ ಏಳು ವರ್ಷದ ಮೊಮ್ಮಗನ ಜೊತೆ ನಾನು ಅಲ್ಲಿ ‘ಫ್ಯೂಚರ್ ವರ್ಲ್ಡ್’ ಎಂಬ ಪ್ರದರ್ಶನ ನೋಡಿದೆ. 2016ರ ಮಾರ್ಚ್‌ನಲ್ಲಿ ಆರಂಭವಾದ ಇದನ್ನು ಸಿದ್ಧಪಡಿಸಿದ್ದು ಜಪಾನಿನ ಟೀಮ್‌ಲ್ಯಾಬ್ ತಂಡ. ಚಿತ್ರಕಾರರು, ಎಂಜಿನಿಯರುಗಳು, ಗಣಿತ ಬಲ್ಲವರು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಎಲ್ಲ ಸೇರಿದ ತಂಡ ಅದು.

ಒಂದು ಕೋಣೆಯಲ್ಲಿ ಮಕ್ಕಳು ಕಾಗದದ ಮೇಲಿನ ಮೀನಿಗೆ ಬಣ್ಣ ತುಂಬಿ ಕೊಡುತ್ತಾರೆ. ಅದನ್ನು ಸ್ಕ್ಯಾನ್ ಮಾಡಿದ ಕೂಡಲೇ ಆ ಮೀನು ಗೋಡೆಯ ಮೇಲಿನ ಕಡಲಿಗಿಳಿದು ಈಜುತ್ತದೆ! ಮುಟ್ಟಿದರೆ ಓಡಿಹೋಗುತ್ತದೆ.

ನನಗೆ ಹಿಡಿಸಿದ್ದು ಹೂಗಳ ಕೋಣೆ. ಆ ಕಲಾಕೃತಿಯ ಹೆಸರು ಉದ್ದ. ಕನ್ನಡದಲ್ಲಿ ಹೇಳಿದರೆ, ‘ಹೂಗಳು ಮತ್ತು ಜನರು: ಹತೋಟಿಗೆ ಸಿಗದಿದ್ದರೂ ಜೊತೆಗೆ ಬಾಳುವರು’ ಎಂದಾದೀತು. ಕತ್ತಲಲ್ಲಿ ಪ್ರೊಜೆಕ್ಟರ್ ಬೆಳಕಿನ ಹೂಗಳು ಮೊಳೆತು, ಮೊಗ್ಗಾಗಿ, ಅರಳಿ, ಎಸಳು ಉದುರಿಸಿ ಮಾಯವಾಗುತ್ತವೆ. ಒಂದು ವರ್ಷದ ಋತುಗಳೆಲ್ಲ ಒಂದೇ ಗಂಟೆಯಲ್ಲಿ ಸರಿದುಹೋಗುತ್ತವೆ.

ಮೊಮ್ಮಗ ಓಡಿ ಓಡಿ ಹೂಗಳನ್ನು ಮುಟ್ಟಿದ. ಮುಟ್ಟಿದವೆಲ್ಲ ಉದುರಿದವು. ಮಂಡಿನೋವಿನ ನಾನು ಒಂದು ಕಡೆ ಸುಮ್ಮನೆ ನಿಂತುಬಿಟ್ಟಿದ್ದೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಸುತ್ತ ಹೂಗಳು ಒತ್ತೊತ್ತಾಗಿ ಅರಳತೊಡಗಿದವು.

“ತಾತ, ನಿನ್ನ ಹತ್ತಿರ ಮಾತ್ರ ಯಾಕೆ?” ಎಂದ ಅವನು.

“ಬಾ, ನೂರು ಎಣಿಸುವವರೆಗೆ ಅಲುಗಾಡಬೇಡ” ಎಂದೆ. ಊಟಕ್ಕೂ ಒಂದು ಕಡೆ ಕೂರದ ಹುಡುಗ ನನ್ನ ಕೈ ಹಿಡಿದು ನಿಂತ. ನೂರು ಮುಗಿಯುವಷ್ಟರಲ್ಲಿ ಅವನ ಪಾದದ ಬಳಿಯೂ ಹೂವು!

ಇದು ಮೊದಲೇ ತೆಗೆದಿಟ್ಟ ಸಿನಿಮಾ ಅಲ್ಲ. ಜನ ಎಲ್ಲಿದ್ದಾರೆ, ನಿಂತಿದ್ದಾರೋ ಓಡುತ್ತಿದ್ದಾರೋ ಎಂಬುದನ್ನು ಸೆನ್ಸರ್‌ಗಳು ಗುರುತಿಸುತ್ತವೆ. ಕಂಪ್ಯೂಟರ್ ಆ ಕ್ಷಣದಲ್ಲೇ ಚಿತ್ರ ಬಿಡಿಸುತ್ತದೆ. ಹಾಗಾಗಿ ಒಮ್ಮೆ ಕಂಡ ನೋಟ ಮತ್ತೆ ಬಾರದು. ನಿನ್ನೆಯ ಬಾಕಿಯನ್ನು ಇಂದಿನ ಲೆಡ್ಜರ್ ಪುಟಕ್ಕೆ ಎತ್ತಿ ಬರೆಯುವುದರಲ್ಲೇ ನೌಕರಿ ಕಳೆದ ನನಗೆ ಇದೊಂದು ಸೋಜಿಗ. ಇಲ್ಲಿ ಮುಂದಕ್ಕೆ ಒಯ್ಯಲು ಬಾಕಿಯೇ ಇಲ್ಲ.

ಮ್ಯೂಸಿಯಂ ಸುತ್ತ ನಿಜವಾದ ತಾವರೆಕೊಳವಿದೆ. ಹೊರಬಂದ ಮೊಮ್ಮಗ ಒಂದು ಮೊಗ್ಗಿನ ಮುಂದೆ ತಾನೇ ನಿಂತು ನೂರು ಎಣಿಸಿದ. ಅದು ಅರಳಲಿಲ್ಲ.

“ಇದು ಕೆಟ್ಟಿದೆಯಾ ತಾತ?”

“ಇಲ್ಲ ಕಂದ. ಇದಕ್ಕೆ ಹೆಚ್ಚು ಹೊತ್ತು ಬೇಕು.”

ಅವನು ಮತ್ತೆ ಒಂದರಿಂದ ಎಣಿಸತೊಡಗಿದ. ಕರೆದರೂ ಬೇಗ ಬರಲಿಲ್ಲ. ಒಳಗಿನ ಬೆಳಕಿನ ಹೂಗಳು ಹೊರಗಿನ ಮೊಗ್ಗಿನ ಮುಂದೆ ಮಗುವನ್ನು ನಿಲ್ಲಿಸಿದವಲ್ಲ, ಅಷ್ಟಕ್ಕೇ ಟಿಕೆಟ್ಟಿನ ದುಡ್ಡು ಸಾರ್ಥಕ ಎನಿಸಿತು.

ಮಕ್ಕಳೇ, ಸಿಂಗಪುರ ದೂರ, ಎಲ್ಲರಿಗೂ ಹೋಗಲಾಗದು. ಆದರೆ ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಬ್ರಹ್ಮಕಮಲದ ಗಿಡ ಇದ್ದೀತು. ಅದು ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಅದು ಅರಳುವ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು, ನಿದ್ದೆಗೆಟ್ಟು ಕಾಯುತ್ತಿದ್ದುದನ್ನು ನಿಮ್ಮ ಅಜ್ಜಿ ಬಲ್ಲರು, ಕೇಳಿ. ಮೊಗ್ಗು ಬಿಟ್ಟಾಗ ತಿಳಿಸಿ ಎಂದು ಆ ಮನೆಯವರಿಗೆ ಈಗಲೇ ಹೇಳಿಡಿ. ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಮುಟ್ಟದೆ, ಪಕ್ಕದಲ್ಲಿ ಕುಳಿತು ನೋಡಿ.